ಬೀಗರ ಬೈಕೇರಿ ಸಬ್ಬಸಿಗೆ ಸೊಪ್ಪಿಗೆ ಹೋದದ್ದು

ನಾನು ಅಜ್ಜಿಯಾದೆ! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕದ್ದು ಆಮೇಲೆ. ಹೆಣ್ಣು ಮಗು. ತಲೆ ತುಂಬ ಕೂದಲು. ಮೂಗು ನಮ್ಮ ಕಡೆಯದು, ಬಣ್ಣ ಅವರ ಕಡೆಯದು, ಗಂಟಲು ಮಾತ್ರ ಪೂರ್ತಿ ನನ್ನದು. ಮಂಡ್ಯದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಕೂಗಿ ಕೂಗಿ ಹೂವು ಮಾರಿದವಳು ನಾನು. ಈ ಕೂಸು ಹಸಿದು ಅತ್ತರೆ ಪಕ್ಕದ ಮನೆಯ ನಾಯಿ ಎದ್ದು ಒಳಗೆ ಹೋಗುತ್ತದೆ. ಅದನ್ನು ಕಂಡಾಗಲೆಲ್ಲ ನನ್ನ ಎದೆ ಒಂದು ಗೇಣು ಉಬ್ಬುತ್ತದೆ.

ಊರಿನವರಿಗೆಲ್ಲ ಫೋನು ಮಾಡಿ ಹೇಳಿದ್ದಾಯಿತು. ಇಲ್ಲಿ ಹೇಳಲು ಬೀದಿಯಲ್ಲಿ ಒಂದು ನರಪಿಳ್ಳೆಯಾದರೂ ಇರಬೇಕಲ್ಲ? ಕೊನೆಗೆ ಕಸದ ಲಾರಿಯವನನ್ನು ತಡೆದು ಹೇಳಿದೆ. ಲಾರಿಯ ಕಬ್ಬಿಣದ ಕೈ ಕಸದ ಡಬ್ಬಿ ಎತ್ತುತ್ತಿತ್ತು, ಒಳಗೆ ಕೂತವನು ತನ್ನ ಹೆಬ್ಬೆರಳು ಎತ್ತಿದ. ಅವನಿಗೆ ಅರ್ಥವಾಯಿತೋ ಇಲ್ಲವೋ, ನನ್ನ ಹೊಟ್ಟೆ ಹಗುರವಾಯಿತು.

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್

ನೋಟು ರದ್ದಾದ ವರ್ಷ ಇದು. ನಮ್ಮ ಯಜಮಾನರು ಮಂಡ್ಯದಲ್ಲಿ ಬ್ಯಾಂಕಿನ ಮುಂದೆ ನಿಂತಿದ್ದಾರೆ, ನಾನು ಆಸ್ಟ್ರೇಲಿಯಾದಲ್ಲಿ ಮಗಳ ಬಾಣಂತನಕ್ಕೆ ನಿಂತಿದ್ದೇನೆ. ಮಗಳು ಸವಿತಾ ಹಲ್ಲಿನ ಡಾಕ್ಟರು. ಬ್ರಿಸ್ಬೇನ್ ಪಟ್ಟಣದಿಂದ ರೈಲಿನಲ್ಲಿ ಬಂದರೆ ಸಿಗುವ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಎಂಬಲ್ಲಿ ಅವಳ ಮನೆ. ಲೇಕ್ಸ್ ಎಂದರೆ ಕೆರೆಗಳು. ಕೆರೆ ಅಂತ ಹೆಸರಿಟ್ಟುಕೊಂಡಿದ್ದಾರೆ, ದನ ಇಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಬಾತುಕೋಳಿಗೆ ಒಂದು ಚೂರು ಬ್ರೆಡ್ಡು ಹಾಕುವಂತಿಲ್ಲ. ಸುತ್ತ ನಡೆಯಬಹುದು. ಸಂಜೆ ಎಲ್ಲರೂ ಗಾಣದೆತ್ತಿನ ಹಾಗೆ ಅದರ ಸುತ್ತ ನಡೆಯುತ್ತಾರೆ, ಎಣ್ಣೆ ಮಾತ್ರ ಬರುವುದಿಲ್ಲ.

ಅಳಿಯ ಬೆನ್ ಇಲ್ಲಿಯವನೇ. ರೈಲ್ವೆಯಲ್ಲಿ ಕೆಲಸ. ಚಿನ್ನದಂಥ ಹುಡುಗ, ಅವನ ಮೇಲೆ ನನ್ನದೇನೂ ತಕರಾರಿಲ್ಲ. ನನ್ನ ತಕರಾರು ಅವನ ಅಪ್ಪ ಅಮ್ಮನ ಮೇಲೆ, ಅಂದರೆ ನಮ್ಮ ಬೀಗರು ಕಾಲಿನ್, ಬೀಗಿತ್ತಿ ಶೆರಿಲ್ ಮೇಲೆ. ಅವರದು ಹಳ್ಳಿಗಾಡು, ಬೂನಾ ಎಂಬ ಊರಿನ ಕಡೆ ಜಮೀನು, ಕ್ಯಾರೆಟ್ ಬೆಳೆ, ಒಂದಿಷ್ಟು ಕುರಿ.

ಮೂರು ವರ್ಷದ ಹಿಂದೆ ಮದುವೆ ಮಂಡ್ಯದಲ್ಲೇ ಆಯಿತು. ಕಾಲಿನ್ ಪಂಚೆ ಉಟ್ಟು ಅದರ ಮೇಲೆ ಚರ್ಮದ ಬೆಲ್ಟು ಬಿಗಿದು ಓಡಾಡಿದರು. ಮದುವೆಯ ಮರುದಿನ ನಾವು ಬೀಗರ ಊಟ ಹಾಕಿದೆವು. ಎರಡು ಟಗರು. ಕಾಲಿನ್ ಮೂಳೆ ಚೀಪಿದ ಸದ್ದು ಪೆಂಡಾಲಿನ ಆಚೆಗೂ ಕೇಳಿತು. ಸಂತೋಷ. ಹೆಣ್ಣಿನ ಕಡೆಯವರು ಹಾಕಿದ ಮೇಲೆ ಗಂಡಿನ ಕಡೆಯವರು ತಿರುಗಿಸಿ ಹಾಕಬೇಕು, ಅದು ನಮ್ಮ ಸೀಮೆಯ ಮರ್ಯಾದೆ. ಇವರು ಕೈ ತೊಳೆದರು, ಬಾಯಿ ಒರೆಸಿದರು, ವಿಮಾನ ಹತ್ತಿದರು. ಅವತ್ತೇ ನಾನು ಅಂದೆ: ಬೀಗರ ಊಟ ಹಾಕುವ ತನಕ ಆ ಮನೆಯ ಒಂದು ತೊಟ್ಟು ನೀರನ್ನೂ ಮುಟ್ಟುವುದಿಲ್ಲ.

ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ಅಳಿಯ. ಅವನು ಅವರಪ್ಪನಿಗೆ ಕನ್ನಡದ ಒಂದೇ ಒಂದು ಮಾತು ಕಲಿಸಿದ್ದ. ಕಾಲಿನ್ ನನ್ನನ್ನು ಕಂಡ ಕೂಡಲೇ, ವಿಡಿಯೋ ಕಾಲಿನಲ್ಲಾಗಲಿ ಎದುರಿಗಾಗಲಿ, ಬೆಳಗ್ಗೆ ಎಂಟೇ ಇರಲಿ, ಮಧ್ಯಾಹ್ನ ಮೂರೇ ಇರಲಿ, ಹಲ್ಲೆಲ್ಲ ತೋರಿಸಿ "ಊಟ ಆಯ್ತಾ?" ಎನ್ನುತ್ತಿದ್ದರು. ಊಟ ಹಾಕಬೇಕಾದವರೇ ಮೂರು ವರ್ಷದಿಂದ ಊಟ ಆಯ್ತಾ ಅಂತ ಕೇಳಿದರೆ ಮೈ ಉರಿಯುತ್ತದೋ ಇಲ್ಲವೋ, ನೀವೇ ಹೇಳಿ. ನಾನು ಮುಖ ತಿರುಗಿಸಿಕೊಂಡು ಸೊಪ್ಪು ಬಿಡಿಸುತ್ತಿದ್ದೆ.

ಸೊಪ್ಪು ಎಂದೆನಲ್ಲ, ಅದೇ ಇನ್ನೊಂದು ಗೋಳು. ಬಾಣಂತಿಗೆ ಸಬ್ಬಸಿಗೆ ಸೊಪ್ಪು ಬೇಕು, ಹಾಲು ಇಳಿಯಬೇಕಲ್ಲ. ಇಲ್ಲಿಯ ಅಂಗಡಿಯಲ್ಲಿ ಸಬ್ಬಸಿಗೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿಸಿ ಮಾರುತ್ತಾರೆ, ಡಬ್ಬಿಗೆ ಐದು ಕಡ್ಡಿ. ಶೆರಿಲ್ ಹಿತ್ತಿಲಲ್ಲಿ ಬೆಳೆಯುತ್ತಾರೆ ಎಂದು ತಿಳಿದು ಸವಿತಾ ತರಲು ಹೇಳಿದಳು. ಆ ದಿನ ಮಧ್ಯಾಹ್ನ ಕಾಲಿನ್ ಬೈಕಿನಲ್ಲಿ ಬಂದವರು ಜಾಕೀಟಿನ ಜೇಬಿನಿಂದ ಆರು ಎಸಳು ತೆಗೆದು ಗಾಜಿನ ಲೋಟದಲ್ಲಿ ನೀರು ಹಾಕಿ, ಗುಲಾಬಿ ಇಟ್ಟ ಹಾಗೆ ಟೇಬಲ್ಲಿನ ಮೇಲಿಟ್ಟರು.

"ಇದೇನವ್ವ, ದೇವ್ರಿಗೆ ಏರ್ಸಕಾ, ನಿಂಗೆ ತಿನ್ನಾಕಾ?" ಎಂದೆ ಮಗಳಿಗೆ.

"ಅವ್ರಿಗೆ ಗೊತ್ತಾಗಲ್ಲ ಅವ್ವ. ಮೀನಿನ ಮೇಲೆ ಉದುರಿಸ್ಕಳೋದು ಅಷ್ಟೇಯ ಅವ್ರು. ನೀನೇ ಹೋಗಿ ಕುಯ್ಕಂಡು ಬಾ. ಬೆನ್ ಕಾರ್ ತಗಂಡು ಕೆಲ್ಸುಕ್ ಹೋಗವ್ನೆ. ಕಾಲಿನ್ ಬೈಕಲ್ ಕರ್ಕಂಡ್ ಹೋಯ್ತರಂತೆ."

"ಬೀಗರ ಬೈಕಲ್ಲಾ? ನಾನಾ?"

ಆಗ ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು, ಕಣ್ಣು ತುಂಬಿಕೊಂಡು ಅಂದಳು: "ಅವ್ವ, ನೀನು ಸಂಕ್ರಾಂತಿ ಹೊತ್ಗೆ ಹೊರಟೋಯ್ತೀಯ. ನಾನು ಇವ್ರ ಜೊತೆ ಬಾಳ್ಬೇಕು. ನಾನು ಕ್ಲಿನಿಕ್ಕಿಗೆ ಹೋದ್ರೆ ಈ ಮಗೀನ ನೋಡ್ಕಳೋದು ಶೆರಿಲ್. ಅವ್ರು ತಂದಿದ್ನ ನೀನು ಮುಟ್ಟಲ್ಲ, ಮುಖ ಕೊಟ್ಟು ಮಾತಾಡಲ್ಲ. ಹೋದ್ಸಲ ಕಾರಲ್ ಕೂತ್ಕಂಡು ಅತ್ರಂತೆ. ಇನ್ಮೇಲೆ ಬರಲ್ಲ ಅಂತಾವ್ರೆ."

"ಹಂಗಾದ್ರೆ ಊಟ ಹಾಕ್ಲಿ."

"ಅವ್ರಿಗೆ ಅದೆಲ್ಲ ಗೊತ್ತಿಲ್ಲ ಕಣವ್ವ. ನಾನ್ ಹೇಳ್ಲಾ?"

"ಹೇಳ್ಗೀಳೀಯ! ಕೇಳಿ ಹಾಕುಸ್ಕಂಡು ತಿನ್ನಕೆ ನಾನೇನ್ ಭಿಕ್ಷೆಗ್ ಬಂದಿದ್ದೀನಾ?"

ಬಾಣಂತಿ ಕಣ್ಣೀರು ಹಾಕುವುದು ಒಳ್ಳೆಯದಲ್ಲ. ಹೊರಡಲು ಒಪ್ಪಿದೆ. ಸೊಪ್ಪಿಗೆ ಮಾತ್ರ.

ಬೈಕಿನ ಮೇಲೆ

ಬೈಕು ಅಂತ ಹೇಳಿದರೆ ನಿಮಗೆ ತಿಳಿಯುವುದಿಲ್ಲ. ನಮ್ಮ ಯಜಮಾನರ ಮೊಪೆಡ್ಡಿನಲ್ಲಿ ಮುಂದೆ ಹೂವಿನ ಕುಕ್ಕೆ, ಹಿಂದೆ ನಾನು, ಒಂದೇ ಕಡೆ ಕಾಲು ಇಳಿಬಿಟ್ಟುಕೊಂಡು ಮೂವತ್ತು ವರ್ಷ ಓಡಾಡಿದವಳು ನಾನು. ಇದು ಬೆಳೆದ ಎಮ್ಮೆಯಷ್ಟು ಇತ್ತು. ಒಂದೇ ಕಡೆ ಕಾಲು ಹಾಕಿ ಕೂರುವುದು ಇಲ್ಲಿ ಅಪರಾಧವಂತೆ. ಸೀರೆ ಉಟ್ಟು ಕೂರುವುದು ಹುಚ್ಚಂತೆ. ಹಾಗಾಗಿ ಸವಿತಾ ಬಸುರಿಯಲ್ಲಿ ಹಾಕಿಕೊಳ್ಳುತ್ತಿದ್ದ, ಹೊಟ್ಟೆಯ ಹತ್ತಿರ ಹಿಗ್ಗುವ ಪ್ಯಾಂಟನ್ನು ನನಗೆ ಏರಿಸಿದಳು. ಅರವತ್ತೆರಡು ವರ್ಷಕ್ಕೆ ನಾನು ಹಾಕಿದ ಮೊದಲ ಪ್ಯಾಂಟು, ಅದೂ ಬಸುರಿ ಪ್ಯಾಂಟು. ಮೇಲೆ ಅಳಿಯನ ಚರ್ಮದ ಜಾಕೀಟು. ತುರುಬಿನಲ್ಲಿ ಮುಡಿದಿದ್ದ ಹೂವಿನ ಮೇಲೆ ಹೆಲ್ಮೆಟ್ಟು. ಕನ್ನಡಿ ನೋಡಿಕೊಳ್ಳಲಿಲ್ಲ, ಧೈರ್ಯ ಸಾಲಲಿಲ್ಲ.

ಬೀಗರನ್ನು ಮುಟ್ಟುವಂತಿಲ್ಲವಲ್ಲ, ಬಾಸುಮತಿ ಅಕ್ಕಿಯ ಖಾಲಿ ಚೀಲ ಮಡಿಸಿ ಇಬ್ಬರ ನಡುವೆ ಇಟ್ಟುಕೊಂಡೆ. ಸೊಪ್ಪು ತರಲೂ ಆಯಿತು, ಮಾನ ಕಾಯಲೂ ಆಯಿತು. ಕಾಲಿನ್ ತಿರುಗಿ, "ಹೋಲ್ಡ್ ಆನ್, ಲವ್" ಎಂದರು. ನಾನು ಮಗಳ ಮುಖ ನೋಡಿದೆ.

"ಬೈಬೇಡ ಅವ್ವ, ಇಲ್ಲಿ ಹಾಲು ಮಾರೋರ್ಗೂ ಹಂಗೇ ಅಂತಾರೆ."

"ಇದ ನಿಮ್ಮಪ್ಪುಂಗೆ ಹೇಳ್ಗೀಳೀಯ," ಎಂದೆ. ಅಷ್ಟರಲ್ಲಿ ಎಮ್ಮೆ ಹಾರಿತು.

ಮೊದಲ ತಿರುವಿನಲ್ಲಿ ಹಿಂದಿನ ಕಂಬಿ ಹಿಡಿದಿದ್ದೆ. ಎರಡನೆಯ ತಿರುವಿನಲ್ಲಿ ಬೈಕು ನೆಲದ ಕಡೆ ವಾಲಿತು, ನಾನು ಆಕಾಶದ ಕಡೆ ವಾಲಿದೆ, ಕಾಲಿನ್ ಏನೋ ಕೂಗಿದರು. ಮೂರನೆಯ ತಿರುವಿಗೆ ಮಾನ ಮರ್ಯಾದೆ, ಬೀಗ ಬಿಜ್ಜರು, ಎಲ್ಲ ಮರೆತು ಅವರ ಜಾಕೀಟನ್ನು ಎರಡೂ ಕೈಯಲ್ಲಿ ಹಿಡಿದು ಮನೆದೇವರನ್ನು ಕರೆದೆ. ಹೆಲ್ಮೆಟ್ಟಿನೊಳಗೆ ಕರೆದರೆ ಅದು ನಮ್ಮ ಕಿವಿಗೇ ವಾಪಸ್ ಬರುತ್ತದೆ, ದೇವರಿಗೆ ಹೋಗುವುದಿಲ್ಲ.

ಪಟ್ಟಣ ಮುಗಿದ ಮೇಲೆ ಹಳ್ಳಿ ಶುರುವಾಯಿತು ಎಂದು ಬೋರ್ಡು ಹೇಳಿತು. ಹಳ್ಳಿ ಎಲ್ಲಿ? ಊರಿನ ಹೆಸರಿದೆ, ಊರಿಲ್ಲ. ಹೊಲವಿದೆ, ಹೊಲದಲ್ಲಿ ಆಳಿಲ್ಲ. ನೂರಾರು ದನ ಮೇಯುತ್ತವೆ, ಒಬ್ಬ ದನ ಕಾಯುವವನಿಲ್ಲ. ಇಷ್ಟು ಜಮೀನು ನಮ್ಮ ಕಡೆ ಹೀಗೆ ಬಿಟ್ಟಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಅಣ್ಣತಮ್ಮಂದಿರು ಬದು ಒತ್ತಿ ಕೋರ್ಟಿನಲ್ಲಿರುತ್ತಿದ್ದರು. ಟಪಾಲು ಹಾಕಲು ಮನೆ ಮನೆಯ ಮುಂದೆ ಕಂಬಕ್ಕೆ ಹಾಲಿನ ಹಳೆಯ ಕ್ಯಾನು ಕಟ್ಟಿದ್ದಾರೆ, ಒಬ್ಬರಂತೂ ಹಳೆಯ ಅಡುಗೆ ಓವನ್ ಕಟ್ಟಿದ್ದರು. ಕುದುರೆಗಳ ಮುಖಕ್ಕೆ ನೊಣ ಕೂರದ ಹಾಗೆ ಬಲೆಯ ಮುಸುಕು. ಮುಸುಕು ಹಾಕಿದ ಕುದುರೆ ಹೆಲ್ಮೆಟ್ಟು ಹಾಕಿದ ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಇಬ್ಬರ ಗತಿಯೂ ಒಂದೇ.

ಇನ್ನೊಂದು ಚಾಳಿ. ಎದುರಿನಿಂದ ಬರುವ ಪ್ರತಿಯೊಬ್ಬನೂ ಸ್ಟೇರಿಂಗಿನಿಂದ ಒಂದು ಬೆರಳು ಎತ್ತುತ್ತಾನೆ. ಬರೀ ಒಂದು. ಮೊದಲು ಇವರಿಗೂ ಅವನಿಗೂ ಏನೋ ಜಗಳ, ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದಾನೆ ಎಂದುಕೊಂಡೆ. ಐದನೆಯವನೂ ಎತ್ತಿದಾಗ ಇದು ಇಲ್ಲಿಯ ನಮಸ್ಕಾರ ಎಂದು ತಿಳಿಯಿತು. ಕೈ ಪೂರ್ತಿ ಎತ್ತಿದರೆ ಸವೆದು ಹೋಗುತ್ತದೆಯೇನೋ! ನಮಸ್ಕಾರ ಮಾಡಿದವರಿಗೆ ತಿರುಗಿ ಮಾಡದಿರುವುದು ನಮ್ಮಲ್ಲಿ ಪಾಪ. ಆರನೆಯವನಿಗೆ ನಾನು ಎರಡೂ ಕೈ ಬಿಟ್ಟು, ಜೋಡಿಸಿ, ಸರಿಯಾಗಿ ಕೈ ಮುಗಿದೆ. ಬೈಕು ಒಂದು ಸಲ ಹಾವಿನ ಹಾಗೆ ಹೊರಳಿತು. ಕಾಲಿನ್ ರಸ್ತೆಯ ಪಕ್ಕ ನಿಲ್ಲಿಸಿದರು, ಹೆಲ್ಮೆಟ್ಟು ತೆಗೆದರು, ಮುಖ ಅಕ್ಕಿ ಹಿಟ್ಟಿನಂತಾಗಿತ್ತು. ನನ್ನ ಎರಡು ಕೈಯನ್ನೂ ಹಿಡಿದು ತಂದು ತಮ್ಮ ಜಾಕೀಟಿನ ಮೇಲೆ ಇಟ್ಟುಕೊಂಡು, "ಪ್ಲೀಸ್" ಎಂದರು. ಆಮೇಲೆ ಬ್ಯಾಗಿನಿಂದ ನೀರಿನ ಬಾಟಲಿ ಕೊಟ್ಟರು.

ಗಂಟಲು ಒಣಗಿ ಕಾದ ಹೆಂಚಾಗಿತ್ತು. ಆದರೆ ಆಣೆ? ಬಾಟಲಿ ನೋಡುತ್ತ ಲೆಕ್ಕ ಹಾಕಿದೆ. ತುಂಬಿದ್ದು ಅವರ ಮನೆಯ ನಲ್ಲಿಯೋ, ಮಗಳ ಮನೆಯ ನಲ್ಲಿಯೋ? ಕೇಳಲು ಇಂಗ್ಲಿಷು ಬರುವುದಿಲ್ಲ. ತಲೆ ಅಲ್ಲಾಡಿಸಿ, "ನೋ" ಎಂದೆ.

"ನೋ ವರೀಸ್," ಎಂದು ಕಾಲಿನ್ ಗಟಗಟ ಕುಡಿದು ಮುಚ್ಚಳ ಹಾಕಿದರು.

ನೋಡಿದಿರಾ? ಇದೇ ನನಗೆ ಆಗದಿರುವುದು. ಈ ಜನ ಒಂದೇ ಸಲ ಕೇಳುತ್ತಾರೆ. ಬೇಡ ಅಂದರೆ ಮುಗಿಯಿತು. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ಬಾಯಿ, ಎರಡನೆಯ ಸಲ ಬೇಡ ಅನ್ನುವುದು ಮರ್ಯಾದೆ, ಮೂರನೆಯ ಸಲ ಕೇಳಿದಾಗ ಮಾತ್ರ ಹೊಟ್ಟೆ ಮಾತಾಡುತ್ತದೆ. ಮಗು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಶೆರಿಲ್ ಟೀ ಬೇಕಾ ಎಂದರು. ಆಸ್ಪತ್ರೆಯ ಟೀ ಅವರ ಮನೆಯದಲ್ಲವಲ್ಲ, ಕುಡಿಯಬಹುದಿತ್ತು. ಶಾಸ್ತ್ರಕ್ಕೆ ಒಂದು ಸಲ ಬೇಡ ಅಂದೆ. ಆ ಟೀ ಇವತ್ತಿಗೂ ಬಂದಿಲ್ಲ.

ಬೀಗರ ಗೇಟು

ಮಣ್ಣಿನ ದಾರಿಯ ಕೊನೆಯಲ್ಲಿ ಕಬ್ಬಿಣದ ಗೇಟು. ಕಾಲಿನ್ ಬೈಕು ನಿಲ್ಲಿಸಿ ಸುಮ್ಮನೆ ಕೂತರು. ನಾನೂ ಕೂತೆ. ಬೀಗಿತ್ತಿ ಮೊದಲ ಸಲ ಮನೆಗೆ ಬಂದಿದ್ದಾಳೆ, ಗೇಟು ತೆಗೆದು, ಚೆಂಬಿನಲ್ಲಿ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯಲಿ ಎಂದು ನಾನು. ಅವರು ಯಾಕೋ ನನ್ನ ಕಡೆ ತಿರುಗಿ ತಿರುಗಿ ನಗುತ್ತಿದ್ದರು. ಬಿಸಿಲು ನೆತ್ತಿ ಸುಡುತ್ತಿತ್ತು. ಆಮೇಲೆ ಸವಿತಾ ಹೇಳಿದಳು, ಈ ಸೀಮೆಯಲ್ಲಿ ಗಾಡಿ ಓಡಿಸುವವನು ಗೇಟು ತೆಗೆಯುವುದಿಲ್ಲವಂತೆ, ಜೊತೆಯಲ್ಲಿ ಕೂತು ಬಂದವರೇ ಇಳಿದು ತೆಗೆಯಬೇಕಂತೆ. ಎಂಥ ಉಪಚಾರ! ಕೊನೆಗೆ ಅವರು ಗೇಟಿನ ಕಡೆ ಬೆರಳು ತೋರಿಸಿದರು. ಇಳಿದೆ, ತೆಗೆದೆ, ಬೈಕು ಒಳಗೆ ಹೋಯಿತು. ಬೀಗರ ಮನೆ ಬಾಗಿಲನ್ನು ನಾನೇ ತೆಗೆದುಕೊಂಡು ಬರುವ ಹಾಗಾಯಿತಲ್ಲ ಎಂಬ ಸಿಟ್ಟಿನಲ್ಲಿ, ಹಿಂದೆ ನೋಡದೆ ಕೈ ಬೀಸಿಕೊಂಡು ನಡೆದೆ. ತೆಗೆದವರೇ ಮುಚ್ಚಬೇಕು ಎಂದು ನನಗೇನು ಗೊತ್ತು?

ಶೆರಿಲ್ ಜಗಲಿಯಲ್ಲಿ ನಿಂತು ಕೈ ಬೀಸುತ್ತಿದ್ದವರು ಇದ್ದಕ್ಕಿದ್ದಂತೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕಿರುಚಿದರು. ತಿರುಗಿ ನೋಡಿದರೆ ಕುರಿಗಳು ಒಂದರ ಹಿಂದೆ ಒಂದು, ಬಸ್ಸು ಹತ್ತುವವರ ಹಾಗೆ ನುಗ್ಗಿ ಗೇಟು ದಾಟಿ ರಸ್ತೆಗೆ ಹೋಗುತ್ತಿದ್ದವು.

ಕಾಲಿನ್ ಬೈಕಿನಲ್ಲಿ ಅಟ್ಟಿಸಿಕೊಂಡು ಹೋದರು. ಸದ್ದಿಗೆ ಕುರಿ ಇನ್ನೂ ದೂರ ಓಡಿದವು. ಕುರಿಯ ಹಿಂದೆ ಬೈಕು ಓಡಿಸುವ ಬುದ್ಧಿವಂತರನ್ನು ನಾನು ಅದೇ ಮೊದಲು ಕಂಡದ್ದು. ನನ್ನ ತವರಿನಲ್ಲಿ ಕುರಿ ಇತ್ತು, ನಾಲ್ಕನೇ ಕ್ಲಾಸು ಬಿಟ್ಟದ್ದೇ ಕುರಿ ಕಾಯಲು. ಬಸುರಿ ಪ್ಯಾಂಟನ್ನು ಮೇಲಕ್ಕೆಳೆದುಕೊಂಡು, ಅಡ್ಡದಾರಿಯಲ್ಲಿ ಓಡಿ, ಮುಂದಿನ ಕುರಿಗೆ ಅಡ್ಡ ನಿಂತು ಕೂಗಿದೆ: "ಹ್ಹುರ್ರ್ರಾ! ಬಾ ಇತ್ತಗೆ! ನಿನ್ ಮನೆ ಹಾಳಾಗ!" ಮಂಡ್ಯದ ಮಾರ್ಕೆಟ್ಟಿನ ಗಂಟಲು. ಇಂಗ್ಲಿಷ್ ಕುರಿ ನಿಂತವು. ತಲೆ ಎತ್ತಿ ನೋಡಿದವು. ಸಾಲಾಗಿ ತಿರುಗಿ ಒಳಗೆ ಹೋದವು. ಗೇಟು ಹಾಕಿ ಚಿಲಕ ಎಳೆದೆ. ಕಾಲಿನ್ ಬೈಕಿನ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದರು.

ಬೀಗರ ಮನೆ

ಶೆರಿಲ್ ಓಡಿ ಬಂದು ದೊಡ್ಡ ಲೋಟದ ತುಂಬ ನೀರು ಕೊಟ್ಟರು. ಲೋಟದ ಹೊರಗೆಲ್ಲ ಬೆವರು, ಒಳಗೆ ಐಸು. ಹೇಳುತ್ತೇನೆ ಕೇಳಿ, ನನ್ನ ಜೀವ ಆ ಲೋಟದೊಳಕ್ಕೆ ಇಳಿದು ಕೂತಿತ್ತು. ಆದರೂ ಕೈ ಹಿಂದೆ ಕಟ್ಟಿಕೊಂಡು, "ನೋ" ಎಂದೆ. ಆ ಹೆಂಗಸು ಲೋಟ ಹಿಡಿದುಕೊಂಡು ಹಾಗೇ ನಿಂತಿತು. ತಿರುಗಿ ಒಳಗೆ ಹೋಗಿ ಸವಿತಾಗೆ ಫೋನು ಹಚ್ಚಿ, ಅದನ್ನು ದೊಡ್ಡ ಸದ್ದಿಗಿಟ್ಟು, ಟೇಬಲ್ಲಿನ ಮೇಲಿಟ್ಟು ಅಳತೊಡಗಿತು.

ಅವರು ಅತ್ತುಕೊಂಡು ಹೇಳಿದ್ದನ್ನು ಸವಿತಾ ನನಗೆ ಹೇಳಿದಳು: "ಅವ್ವ, ಅವ್ರ ಕೈಯಿಂದ ನೀರು ಕುಡಿಯಕ್ಕೂ ನಿಂಗೆ ಅಸಹ್ಯ ಅನ್ಕಂಡವ್ರೆ. ಮೂರ್ ಸಲ ಅಡುಗೆ ಮಾಡ್ಕಂಡ್ ತಂದ್ರಂತೆ, ನೀನ್ ಮುಟ್ನಿಲ್ವಂತೆ. ನಾಳೆ ಮಗೂಗೂ ಇವ್ರು ಬೇಡ ಅಂತ ಹೇಳ್ಕೊಡ್ತಾರಾ ಅಂತ ಕೇಳ್ತಾವ್ರೆ."

ಅಯ್ಯೋ ಶಿವನೇ. ಇಷ್ಟು ದಿನ ನಾನು ಅವಮಾನವಾಯಿತು ಎಂದುಕೊಂಡು ಕೂತಿದ್ದೆ. ಅವಮಾನ ಈ ಮನೆಯಲ್ಲಿ ಕೂತು ಅಳುತ್ತಿತ್ತು.

"ಹೇಳ್ಬುಡ್ಲಾ ಅವ್ವ?" ಎಂದಳು ಸವಿತಾ.

ನಾನು ಟೇಬಲ್ಲಿನ ಕಾಲು ನೋಡುತ್ತ ಅಂದೆ: "ಹೇಳು. ನಾನ್ ಕೇಳ್ದೆ ಅನ್ಬ್ಯಾಡ. ನಮ್ ಕಡೆ ಹಿಂಗೆ ಅನ್ನು."

ಅವಳು ಇಂಗ್ಲಿಷಿನಲ್ಲಿ ತುಂಬ ಹೊತ್ತು ಹೇಳಿದಳು. ಎರಡು ಟಗರಿನ ವಿಷಯ ಬಂತು ಎಂದು ನನಗೆ ತಿಳಿದದ್ದು ಕಾಲಿನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಾಗ. ಬೋಳು ತಲೆ ಕಿವಿಯ ತನಕ ಕೆಂಪಾಯಿತು. "ಥ್ರೀ ಇಯರ್ಸ್?" ಎಂದರು. ನಾನು ಮೂರು ಬೆರಳು ಎತ್ತಿದೆ. ಇವರೂರಿನವರು ಒಂದೇ ಎತ್ತುವುದು, ನಾನು ಧಾರಾಳ.

"ನಾವು ಒಂದ್ಸಲ ಬೇಡ ಅಂದ್ರೆ ಬೇಡ ಅಂತ ಅರ್ಥ ಅಲ್ಲ ಅಂತಾನೂ ಹೇಳ್ದೆ," ಎಂದಳು ಸವಿತಾ. "ಮೂರ್ ಸಲ ಕೇಳ್ಬೇಕು, ಬಲವಂತ ಮಾಡ್ಬೇಕು ಅಂದೆ. ಶೆರಿಲ್ ಬರ್ಕತಾವ್ರೆ."

ನಿಜವಾಗಿಯೂ ಬರೆದುಕೊಳ್ಳುತ್ತಿದ್ದರು, ಫ್ರಿಜ್ಜಿಗೆ ಅಂಟಿಸಿದ್ದ ಚೀಟಿಯ ಮೇಲೆ. ಕಾಲಿನ್ ಹಿಂದಿನ ಕೋಣೆಗೆ ಹೋಗಿ ಶವಪೆಟ್ಟಿಗೆಯಂಥ ಒಂದು ಫ್ರಿಜ್ಜು ತೆರೆದರು. ಒಳಗೆ ಅವರದೇ ಮಂದೆಯ ಅರ್ಧ ಕುರಿ ಮಲಗಿತ್ತು. ಅದನ್ನು ಮಗುವಿನ ಹಾಗೆ ಎರಡೂ ತೋಳಿನಲ್ಲಿ ಎತ್ತಿಕೊಂಡು ಬಂದು ನನ್ನ ಮುಂದೆ ನಿಂತು, "ಟುನೈಟ್?" ಎಂದರು.

ಸಂಜೆಗೇ ಬೀಗರ ಊಟ! ನಮ್ಮಲ್ಲಿ ಇದಕ್ಕೆ ಎಲೆ ಅಡಿಕೆ ಕೊಟ್ಟು ಕರೆಯಬೇಕು. ಅಲ್ಲಿ ಎಲೆ ಎಲ್ಲಿ, ಅಡಿಕೆ ಎಲ್ಲಿ. ಶೆರಿಲ್ ನನ್ನ ಕೈಗೆ ಕತ್ತರಿ ಕೊಟ್ಟು ಹಿತ್ತಿಲು ತೋರಿಸಿದರು. ಸೌತೆಕಾಯಿ ಉಪ್ಪಿನಕಾಯಿಗೆಂದು ಅವರ ಜರ್ಮನಿಯ ಅಜ್ಜಿಯ ಕಾಲದಿಂದ ಆ ಮನೆಯಲ್ಲಿ ಬೆಳೆಯುತ್ತಾರಂತೆ, ಸೊಂಟದೆತ್ತರದ ಸಬ್ಬಸಿಗೆ ಪಾತಿ, ಅರ್ಧ ಹೂ ಬಿಟ್ಟಿತ್ತು. ಎಳೆಯದನ್ನು ಆರಿಸಿ ಚೀಲ ತುಂಬಿದೆ. ಮೊದಲ ಕಟ್ಟನ್ನು ಶೆರಿಲ್ ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. ವೀಳ್ಯ ಬಂತು, ಇನ್ನು ಆಣೆ ತೀರಿದ ಲೆಕ್ಕ ಎಂದುಕೊಂಡೆ. ಆಮೇಲೆ ನೀರು ಕುಡಿದೆ. ಮೂರು ಲೋಟ, ಉಸಿರು ಬಿಡದೆ. ಶೆರಿಲ್ ಪ್ರತಿ ಲೋಟಕ್ಕೂ ಮೂರು ಮೂರು ಸಲ ಕೇಳಿದರು, ಕಲಿತ ಪಾಠ ಮರೆಯಬಾರದಲ್ಲ.

ವಾಪಸ್

ಬರುವಾಗ ನಡುವೆ ಇದ್ದ ಚೀಲ ಸೊಪ್ಪು ತುಂಬಿ ದಿಂಬಿನಷ್ಟು ದಪ್ಪವಾಗಿತ್ತು. ಹೋಗುವಾಗ ತೆಳ್ಳಗಿದ್ದ ಮರ್ಯಾದೆ ಬರುವಾಗ ಗಟ್ಟಿಯಾಯಿತು. ಊಟ ಮಗಳ ಮನೆಯಲ್ಲೇ ಎಂದಾಗಿತ್ತು, ಹಿಂದಿನಿಂದ ಶೆರಿಲ್ ಸಣ್ಣ ಲಾರಿಯಂಥ ಗಾಡಿಯಲ್ಲಿ ಅರ್ಧ ಕುರಿ ಹಾಕಿಕೊಂಡು ಬಂದರು. ಆ ಗಾಡಿಯಲ್ಲೇ ಹಾಯಾಗಿ ಬಾ ಎಂದು ನನ್ನನ್ನು ಮೂರು ಸಲ ಕರೆದರು. ನಾನು ಬೈಕೇ ಹತ್ತಿದೆ. ಯಾಕೆಂದು ಕೇಳಬೇಡಿ. ಬಿಸಿಲು ಇಳಿದು, ಗುಡ್ಡಗಳು ನೀಲಿಯಾಗಿ, ಗಾಳಿಯಲ್ಲಿ ಸಬ್ಬಸಿಗೆ ವಾಸನೆ ಬರುತ್ತಿತ್ತು. ತಿರುವಿನಲ್ಲಿ ನಾನೂ ಬೈಕಿನ ಜೊತೆಗೇ ವಾಲಿದೆ. ಎದುರಿಗೆ ಬಂದ ಟ್ರ್ಯಾಕ್ಟರಿನವನು ಬೆರಳೆತ್ತಿದ. ಕೈ ಬಿಡದೆ ನಾನೂ ಒಂದು ಬೆರಳು ಎತ್ತಿದೆ. ಸವೆಯಲಿಲ್ಲ.

ಸಂಜೆಯ ಊಟ

ಬೀಗರ ಊಟದಲ್ಲಿ ಉಣ್ಣುವ ಕಡೆಯ ಬೀಗಿತ್ತಿ ಸೌಟು ಮುಟ್ಟಬಾರದು. ನಾನು ಕುರ್ಚಿ ಹಾಕಿಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಬೆರಳಲ್ಲೇ ಅಡುಗೆ ಮಾಡಿಸಿದೆ. ಬೆನ್ ಕೆಲಸದಿಂದ ಬಂದವನು ಮಸಾಲೆ ರುಬ್ಬಿದ. ಶೆರಿಲ್ ಬಾಣಂತಿಗೆ ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿದರು, ಚೀಲದ ಅರ್ಧ ಸೊಪ್ಪು ಬಾಣಲೆಯಲ್ಲಿ ಒಂದು ಹಿಡಿಯಾದದ್ದು ನೋಡಿ ಹೌಹಾರಿದರು. ಕಾಲಿನ್ ರಾಗಿ ಮುದ್ದೆಗೆ ನಿಂತರು. ಕೋಲು ಹಿಡಿದು ತಿರುವಿದ್ದು ತಿರುವಿದ್ದೇ, ಬೆವರು ಗಡ್ಡದಿಂದ ಇಳಿಯಿತು. ಮುದ್ದೆಯಲ್ಲಿ ಗಂಟೆಷ್ಟಿತ್ತೆಂದರೆ ಹುಣಿಸೆ ಬೀಜ ಹಾಕಿ ಕಟ್ಟಿದ ಹಾಗಿತ್ತು.

ಯಜಮಾನರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಇನ್ನೂ ಮಧ್ಯಾಹ್ನ, ಇನ್ನೂ ಬ್ಯಾಂಕಿನ ಸಾಲು.

"ಬೀಗರ ಊಟ ಹಾಕ್ತಾವ್ರೆ!" ಎಂದೆ.

"ಇಲ್ಲಿ ನಂಗೆ ನೆಳ್ಳೇ ಸಿಕ್ಕಿಲ್ಲ, ನಿಂಗೆ ಬೀಗರ ಊಟವಾ? ಎಂಗ್ ಒಪ್ಪುಸ್ದೆ?" ಎಂದರು.

"ಸೊಪ್ಪಿಗ್ ಹೋಗಿದ್ದೆ," ಎಂದೆ. ಬೈಕಿನ ಸುದ್ದಿ ಎತ್ತಲಿಲ್ಲ. ಇದನ್ನು ಓದಿದರೆ ತಿಳಿಯುತ್ತದೆ, ತಿಳಿಯಲಿ ಬಿಡಿ.

ಎಲ್ಲರೂ ಒಟ್ಟಿಗೆ ಕೂತೆವು. ಸವಿತಾ ಎರಡನೇ ಸಲ ಪಲ್ಯ ಹಾಕಿಸಿಕೊಂಡಳು. ಮಗು ನನ್ನ ತೊಡೆಯಿಂದ ಶೆರಿಲ್ ತೊಡೆಗೆ ಹೋಗಿ ಮಸಾಲೆಯ ವಾಸನೆಗೆ ಮೂಗರಳಿಸಿ ನಿದ್ದೆ ಹೋಯಿತು. ಕಾಲಿನ್ ಮಾತ್ರ ಕೂರಲಿಲ್ಲ, ತಾವೇ ಬಡಿಸಿದರು. ಸಾರಿಗೆ ಉಪ್ಪು ಕಮ್ಮಿ, ಮಾಂಸ ಸ್ವಲ್ಪ ಹೆಚ್ಚೇ ಬೆಂದಿತ್ತು, ಮುದ್ದೆಯ ಕಥೆ ಆಗಲೇ ಹೇಳಿದೆ. ನಾನು ಮೂಳೆ ಚೀಪಿದೆ. ಸದ್ದು ಮಾಡಿಕೊಂಡೇ ಚೀಪಿದೆ, ಪಕ್ಕದ ಮನೆಗೂ ಕೇಳಲಿ ಎಂದು.

ತಟ್ಟೆ ಖಾಲಿಯಾದ ಮೇಲೆ ಕಾಲಿನ್ ಪಾತ್ರೆ ಹಿಡಿದುಕೊಂಡು ನನ್ನ ಪಕ್ಕ ನಿಂತು, ಗಂಟಲು ಸರಿಮಾಡಿಕೊಂಡು, ಹಲ್ಲೆಲ್ಲ ತೋರಿಸಿ ಕೇಳಿದರು:

"ಊಟ ಆಯ್ತಾ?"

ಮೂರು ವರ್ಷದಲ್ಲಿ ಮೊದಲ ಸಲ ನಾನು ಅವರ ಮುಖ ನೋಡಿ ಉತ್ತರ ಕೊಟ್ಟೆ. "ಆಯ್ತು ಬೀಗ್ರೇ. ಹೊಟ್ಟೆ ತುಂಬ ಆಯ್ತು."

ಅವರು ಶೆರಿಲ್ ಕಡೆ ನೋಡಿದರು. ಶೆರಿಲ್ ಜೇಬಿನಿಂದ ಚೀಟಿ ತೆಗೆದು ಓದಿ, ತಲೆ ಅಲ್ಲಾಡಿಸಿದರು. ಒಂದೇ ಸಲ ಹೇಳಿದ್ದನ್ನು ನಂಬುವಂತಿಲ್ಲ. ಕಾಲಿನ್ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟರು.